ಲಗ್ನದ ಆಲ್ಬಮ್ ಮಾಡುವ ಕಂಪ್ಯೂಟರಿನಲ್ಲೇ ಸೂರ್ಯ, ನಕ್ಷತ್ರ, ಗೆಲಾಕ್ಸಿ ಓದುವುದು ಹೇಗೆ

ಗದಗಿನಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ. ಲಗ್ನ, ಕುಬಸ, ಜವಳಕ್ಕೆ ಕ್ಯಾಮೆರಾ ಹಿಡಿದು ಹೋಗುವವರು ನಮ್ಮ ಮನೆಯವರು. ಎಡಿಟಿಂಗ್ ಮತ್ತು ಆಲ್ಬಮ್ ಡಿಸೈನ್ ನನ್ನ ಪಾಲಿನದು. ಅಂಗಡಿಯ ಗೋಡೆಯ ಮೇಲೆ ಮದುಮಕ್ಕಳ ಫೋಟೋಗಳ ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಒಂದು ನೀಹಾರಿಕೆಯ, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡದ ಚಿತ್ರವಿದೆ. ಆಲ್ಬಮ್ ಒಯ್ಯಲು ಬಂದವರು ಅದನ್ನು ನೋಡಿ ಕೇಳುವುದು ಒಂದೇ: "ಅಕ್ಕಾರ, ಟೆಲಿಸ್ಕೋಪಿಗೆ ಎಷ್ಟು ಕೊಟ್ರಿ?"

ಟೆಲಿಸ್ಕೋಪ್ ನನ್ನಲ್ಲಿಲ್ಲ. ಮೇಲೆ ಬಾಹ್ಯಾಕಾಶದಲ್ಲಿ ಹಬಲ್ ಇದೆ, ವೆಬ್ ಇದೆ, ಸೋಹೋ ಇದೆ, ನಮ್ಮದೇ ಆದಿತ್ಯ-ಎಲ್1 ಇದೆ. ಅವು ತೆಗೆದದ್ದರಲ್ಲಿ ಬಹುಪಾಲು ಬಿಟ್ಟಿಯಾಗಿ ಸಿಗುತ್ತದೆ. ಹಬಲ್, ವೆಬ್ ಚಿತ್ರಗಳನ್ನು ಕೇಳಿ ತೆಗೆಸಿದ ವಿಜ್ಞಾನಿಗಳಿಗೆ ಹೆಚ್ಚೆಂದರೆ ಒಂದು ವರ್ಷದ ಮೀಸಲು ಅವಧಿ ಇರುತ್ತದೆ, ಅದು ಮುಗಿದ ಮೇಲೆ ಅವು ಗದಗಿನವರಿಗೂ ಒಂದೇ, ಹಾರ್ವರ್ಡಿನವರಿಗೂ ಒಂದೇ. ಅವನ್ನು ಇಳಿಸಿಕೊಂಡು, ತೆರೆದು, ಅಳೆಯುವುದು ಹೇಗೆಂದು ನಾನು ಮಾಡುವ ರೀತಿಯಲ್ಲೇ ಬರೆಯುತ್ತೇನೆ. ಫೋಟೋಶಾಪ್ ಓಡುವ ಯಾವ ಕಂಪ್ಯೂಟರ್ ಆದರೂ ಸಾಕು. ಫೋಟೋಶಾಪ್ ಇಲ್ಲದಿದ್ದರೆ ಗಿಂಪ್ ಉಚಿತ.

ಶುರುವಿನಲ್ಲೇ ಒಂದು ಮಾತು. ಸುದ್ದಿಯಲ್ಲಿ ಬರುವ ಬಣ್ಣಬಣ್ಣದ ನಾಸಾ ಚಿತ್ರವೆಂದರೆ ಗಿರಾಕಿಯ ಕೈಗೆ ಕೊಟ್ಟ ಆಲ್ಬಮ್ ಇದ್ದ ಹಾಗೆ. ಯಾವುದನ್ನು ಇಡಬೇಕು, ಯಾವುದನ್ನು ಕತ್ತರಿಸಬೇಕು, ಎಲ್ಲಿ ಬೆಳಕು ಎತ್ತಬೇಕು ಎನ್ನುವುದನ್ನೆಲ್ಲ ಬೇರೆ ಯಾರೋ ಕೂತು ತೀರ್ಮಾನಿಸಿ ಮುಗಿಸಿರುತ್ತಾರೆ. ಕಣ್ಣಿಗೆ ಹಬ್ಬ, ಆದರೆ ಅದರಿಂದ ಕಲಿಯುವುದು ಕಡಿಮೆ. ಕಲಿಯಬೇಕಾದರೆ ಕ್ಯಾಮೆರಾ ಕಾರ್ಡಿನಲ್ಲಿರುವಂಥ, ಯಾರೂ ಕೈಯಾಡಿಸದ ರಾ ಫೈಲನ್ನೇ ಕೇಳಬೇಕು.

ಸೂರ್ಯನಿಂದ ಶುರು ಮಾಡಿ

ಹೊಸಬರು ನೇರವಾಗಿ ಗೆಲಾಕ್ಸಿಗೆ ಕೈಹಾಕುತ್ತಾರೆ. ಬೇಡ. ಸೂರ್ಯನ ಚಿತ್ರ ದಿನವೂ ಹೊಸದು, ಫೈಲು ಚಿಕ್ಕದು, ಮೊಬೈಲಿನಲ್ಲೂ ತೆರೆಯುತ್ತದೆ. ಹಬಲ್ ಆಗಲಿ ವೆಬ್ ಆಗಲಿ ಸೂರ್ಯನತ್ತ ಮುಖ ತಿರುಗಿಸುವಂತಿಲ್ಲ, ತಿರುಗಿಸಿದರೆ ಉಪಕರಣವೇ ಹೋಗುತ್ತದೆ. ಅದಕ್ಕೇ ಸೂರ್ಯನಿಗೆ ಬೇರೆಯೇ ನೌಕೆಗಳಿವೆ.

2010ರ ಫೆಬ್ರವರಿಯಲ್ಲಿ ನಾಸಾ ಹಾರಿಸಿದ ಸೋಲಾರ್ ಡೈನಾಮಿಕ್ಸ್ ಅಬ್ಸರ್ವೇಟರಿ, ಚಿಕ್ಕದಾಗಿ ಎಸ್‌ಡಿಒ, ಇವುಗಳಲ್ಲಿ ಕೆಲಸಕ್ಕೆ ಅತಿ ಅನುಕೂಲ. ಅದರ ಜಾಲತಾಣದಲ್ಲಿ ಈಗಿನ ಸೂರ್ಯ ಎಂಬ ಪುಟ ತೆರೆದರೆ ಹತ್ತಕ್ಕೂ ಹೆಚ್ಚು ಸೂರ್ಯರು ಬೇರೆಬೇರೆ ಬಣ್ಣದಲ್ಲಿ ಸಾಲಾಗಿ ಕಾಣುತ್ತಾರೆ. ಪ್ರತಿಯೊಂದರ ಕೆಳಗೂ ಒಂದು ಸಂಖ್ಯೆ ಇರುತ್ತದೆ. ಅದು ಆಂಗ್‌ಸ್ಟ್ರಾಮ್ (ಮಿಲಿಮೀಟರಿನ ಕೋಟಿಯ ಒಂದು ಪಾಲು) ಲೆಕ್ಕದ ತರಂಗಾಂತರ. ಬಂಗಾರದ ಬಣ್ಣದ 171 ಸುಮಾರು 6 ಲಕ್ಷ ಡಿಗ್ರಿಯ ಅನಿಲವನ್ನು ತೋರಿಸುತ್ತದೆ. ಕೆಂಪಗಿನ 304 ಸುಮಾರು 50,000 ಡಿಗ್ರಿಯ ಹೀಲಿಯಂ. ನಾವು ಕಣ್ಣಿಂದ ನೋಡುವ ಮೇಲ್ಮೈ ಬರೀ 5,500 ಡಿಗ್ರಿ. ಈ ಬಣ್ಣಗಳನ್ನು ಗುರುತಿಗಾಗಿ ಹಚ್ಚಿದ್ದಾರೆ ಅಷ್ಟೇ. ನೇರಳಾತೀತ ಬೆಳಕಿಗೆ ನಮ್ಮ ಕಣ್ಣಿಗೆ ತಿಳಿಯುವ ಬಣ್ಣವೇ ಇಲ್ಲ. ಇಷ್ಟು ಗಿಡ್ಡ ತರಂಗದ ಬೆಳಕನ್ನು ಗಾಳಿ ನೆಲಕ್ಕೆ ಬಿಡುವುದೂ ಇಲ್ಲ, ಹಾಗಾಗಿ ಮೇಲೆ ಹೋಗಿಯೇ ನೋಡಬೇಕು.

ಮೊದಲ ಅಭ್ಯಾಸಕ್ಕೆ ಅದೇ ಪುಟದ ಎಚ್‌ಎಂಐ ಇಂಟೆನ್ಸಿಟಿಗ್ರಾಮ್ ಎಂಬ, ಕಣ್ಣಿಗೆ ಕಾಣುವ ಬೆಳಕಿನ ಸಾದಾ ಚಿತ್ರ ತೆಗೆದುಕೊಳ್ಳಿ. ನಿಂಬೆ ಬಣ್ಣದ ತಟ್ಟೆಯ ಮೇಲೆ ಕರಿ ಚುಕ್ಕೆಗಳಿರುತ್ತವೆ, ಅವೇ ಸೂರ್ಯಕಲೆಗಳು. 4096 ಪಿಕ್ಸೆಲ್‌ನ ದೊಡ್ಡ ಫೈಲನ್ನೇ ಇಳಿಸಿ. ಫೋಟೋಶಾಪಿನ ರೂಲರ್ ಹಿಡಿದು ತಟ್ಟೆಯ ಒಂದಂಚಿನಿಂದ ಇನ್ನೊಂದಂಚಿಗೆ ಅಳೆಯಿರಿ. 3,700 ಪಿಕ್ಸೆಲ್ ಬಂತು ಅನ್ನಿ. ಸೂರ್ಯನ ವ್ಯಾಸ 13,92,000 ಕಿ.ಮೀ. ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 376 ಕಿ.ಮೀ. ಭೂಮಿಯ ವ್ಯಾಸ 12,742 ಕಿ.ಮೀ., ಅಂದರೆ 34 ಪಿಕ್ಸೆಲ್. ಅಷ್ಟಗಲದ ಒಂದು ನೀಲಿ ವೃತ್ತ ಬರೆದು ಬೇರೆ ಲೇಯರಿನಲ್ಲಿಟ್ಟುಕೊಳ್ಳಿ, ಅದನ್ನು ಕಲೆಗಳ ಮೇಲೆ ಎಳೆದಾಡಿ. ಯಾವ ಕಲೆಯೊಳಗೆ ಭೂಮಿ ಎಷ್ಟು ಸಲ ಹಿಡಿಯುತ್ತದೆ ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ. ಅಂಚಿನ ಬಳಿಯ ಕಲೆಗಳನ್ನು ಅಳೆಯಬೇಡಿ. ಗೋಳದ ಬದಿಯಲ್ಲಿರುವುದರಿಂದ ಅವು ಚಪ್ಪಟೆಯಾಗಿ ಕಾಣುತ್ತವೆ. ನಡುವಿಗೆ ಬರುವವರೆಗೆ ಕಾಯಿರಿ.

ಇವತ್ತು ದೊಡ್ಡ ಕಲೆ ಇಲ್ಲದಿದ್ದರೆ ಹೀಲಿಯೋವ್ಯೂವರ್ ಎಂಬ ಜಾಲತಾಣಕ್ಕೆ ಹೋಗಿ ಹಳೆಯ ತಾರೀಖು ಹಾಕಬಹುದು. 2024ರ ಮೇ 9 ಹಾಕಿ ನೋಡ್ರಿ. 3664 ಎಂಬ ಸಂಖ್ಯೆಯ ಕಲೆಗಳ ಗುಂಪು ಭೂಮಿಗಿಂತ ಸುಮಾರು ಹದಿನೈದು ಪಟ್ಟು ಅಗಲಕ್ಕೆ ಹರಡಿಕೊಂಡು ಕೂತಿದೆ. ಅದು ಒಂದರ ಹಿಂದೊಂದು ಉಗುಳಿದ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಬಿಸಿ ಅನಿಲ, ಬಂದು ಬಡಿದಾಗಲೇ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದು.

ಎರಡನೆಯ ಅಭ್ಯಾಸ ನನಗೆ ಬಹಳ ಪ್ರೀತಿಯದು, ಯಾಕೆಂದರೆ ಅದು ಪೂರ್ತಿ ಸ್ಟುಡಿಯೋ ಕೈಚಳಕ. ದಿನವೂ ಒಂದೇ ಹೊತ್ತಿಗೆ ಒಂದು ಎಚ್‌ಎಂಐ ಚಿತ್ರ ಉಳಿಸಿಕೊಳ್ಳಿ. ವಾರ ಕಳೆದ ಮೇಲೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಲೇಯರ್‌ಗಳಾಗಿ ಹಾಕಿ, ಬ್ಲೆಂಡ್ ಮೋಡ್ ಅನ್ನು ಡಾರ್ಕನ್‌ಗೆ ತಿರುಗಿಸಿ. ಒಂದೇ ಕಲೆ ಎಡದಿಂದ ಬಲಕ್ಕೆ ಹೆಜ್ಜೆ ಹಾಕಿಕೊಂಡು ಹೋದ ಗುರುತು ಸಾಲಾಗಿ ಮೂಡುತ್ತದೆ. ಸೂರ್ಯ ತನ್ನ ಸುತ್ತ ತಿರುಗುವುದನ್ನು ನೀವೇ ಸಾಬೀತು ಮಾಡಿದಂತಾಯಿತು. ಭೂಮಿಯಿಂದ ನೋಡಿದರೆ ಒಂದು ಸುತ್ತಿಗೆ ಸುಮಾರು 27 ದಿನ. ಮಧ್ಯರೇಖೆಯ ಹತ್ತಿರದ ಕಲೆಯ ಹೆಜ್ಜೆಗಳನ್ನೂ ಮೇಲ್ಭಾಗದ ಕಲೆಯ ಹೆಜ್ಜೆಗಳನ್ನೂ ಡಿಗ್ರಿ ಲೆಕ್ಕದಲ್ಲಿ ಹೋಲಿಸಿದರೆ ಮೇಲಿನದು ನಿಧಾನ. ಸೂರ್ಯ ಗಟ್ಟಿ ಗುಂಡಲ್ಲ, ಅನಿಲ. ಎಲ್ಲ ಕಡೆ ಒಂದೇ ವೇಗದಲ್ಲಿ ತಿರುಗಬೇಕೆಂದಿಲ್ಲ. ಇದೇ ಅಭ್ಯಾಸವನ್ನು ಜೂನ್ ಮೊದಲ ವಾರ ಒಮ್ಮೆ, ಸೆಪ್ಟೆಂಬರ್ ಮೊದಲ ವಾರ ಒಮ್ಮೆ ಮಾಡಿ. ಜೂನ್‌ನ ಸಾಲು ನೆಟ್ಟಗಿರುತ್ತದೆ, ಸೆಪ್ಟೆಂಬರಿನದು ಬಾಗಿರುತ್ತದೆ. ಸೂರ್ಯನ ಅಕ್ಷ ಏಳು ಡಿಗ್ರಿಯಷ್ಟು ವಾಲಿರುವುದೇ ಅದಕ್ಕೆ ಕಾರಣ.

ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಕೆಲವು ಚಿತ್ರಗಳು ಪೂರ್ತಿ ಕಪ್ಪಾಗಿ ಬಂದರೆ ನಿಮ್ಮ ನೆಟ್ಟನ್ನು ಬೈಯಬೇಡಿ. ಆ ದಿನಗಳಲ್ಲಿ ಎಸ್‌ಡಿಒ ಮತ್ತು ಸೂರ್ಯನ ನಡುವೆ ಭೂಮಿಯೇ ಅಡ್ಡ ಬರುತ್ತದೆ.

ಆದಿತ್ಯ-ಎಲ್1 ಬಗ್ಗೆ ಕೇಳುವವರು ಬಹಳ. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತಲಿನ ಕಕ್ಷೆ ಸೇರಿತು. ಅಲ್ಲಿ ಭೂಮಿ ಅಡ್ಡ ಬರುವ ತಾಪತ್ರಯವಿಲ್ಲ. ಅದರ ಏಳು ಉಪಕರಣಗಳಲ್ಲಿ ನಮ್ಮಂಥವರ ಕೈಗೆ ಒಗ್ಗುವುದು ಸೂಟ್, ಪುಣೆಯ ಐಯುಕಾ ಎಂಬ ಖಗೋಳ ಸಂಸ್ಥೆಯಲ್ಲಿ ಮಾಡಿದ್ದು. 200ರಿಂದ 400 ನ್ಯಾನೋಮೀಟರ್ ನಡುವಿನ ನೇರಳಾತೀತದಲ್ಲಿ ಸೂರ್ಯನ ಪೂರ್ತಿ ಮುಖ ತೋರಿಸುತ್ತದೆ. ಇಸ್ರೋದ ಪ್ರದಾನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಫೈಲು ಪಡೆಯಬೇಕು. ಎಸ್‌ಡಿಒದಷ್ಟು ಸಲೀಸಲ್ಲ. ಮುಂದೆ ಹೇಳುವ ಫಿಟ್ಸ್ ಫೈಲು ತೆರೆಯುವುದು ರೂಢಿಯಾದ ಮೇಲೆ ಅಲ್ಲಿಗೆ ಹೋಗಿ.

ಕೃತ್ತಿಕಾ ಮಳೆಯ ಹೊತ್ತಿಗೆ ಸೋಹೋ ತೆರೆಯಿರಿ

1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೇ ಹಾದುಹೋಯಿತು. ಸೂರ್ಯನ ಸುತ್ತಲಿನ ಮಸುಕು ಹೊದಿಕೆಯಾದ ಕರೋನಾ ಬರಿಗಣ್ಣಿಗೆ ಕಾಣುವ ಅಪರೂಪದ ಎರಡು ನಿಮಿಷ ನಮ್ಮ ಊರಿಗೇ ನಡೆದು ಬಂದಿತ್ತು. ನಮ್ಮ ಮನೆಯ ಹಿರಿಯರನ್ನು ಕೇಳಿದರೆ, "ಕದಾ ಹಾಕ್ಕೊಂಡು ಒಳಗ ಕುಂತಿದ್ವಿ, ನೀರೂ ಕುಡಿಲಿಲ್ಲ" ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಹಾಗೆ ತಪ್ಪಿಸಿಕೊಂಡವರಿಗಾಗಿಯೇ ಇದೆ ಸೋಹೋ. 1995ರ ಡಿಸೆಂಬರ್ 2ರಂದು ಹಾರಿದ ಐರೋಪ್ಯ ಮತ್ತು ನಾಸಾ ಜಂಟಿ ನೌಕೆ. ಅದರ ಲಾಸ್ಕೋ ಕ್ಯಾಮೆರಾಗಳ ಮುಂದೆ ಬಿಲ್ಲೆ ಇಟ್ಟು ಸೂರ್ಯನ ಮುಖ ಮುಚ್ಚಿದ್ದಾರೆ. ಅಂದರೆ ಅಲ್ಲಿ ದಿನವೂ ಗ್ರಹಣ. ಸಿ2 ಕೆಂಪು ಚಿತ್ರ, ಸೂರ್ಯನಿಗೆ ಹತ್ತಿರದ್ದು. ಸಿ3 ನೀಲಿ ಚಿತ್ರ, ಅಗಲವಾದದ್ದು. ನಡುವೆ ಬರೆದ ಬಿಳಿ ವೃತ್ತವೇ ಸೂರ್ಯನ ನಿಜವಾದ ಗಾತ್ರ. ಅಂಚಿಗೆ ಇನ್ನೂ ಹತ್ತಿರ ಹೋಗಿ ಕರೋನಾ ನೋಡುವ ಕೆಲಸ ಆದಿತ್ಯದ ವೆಲ್ಕ್ ಉಪಕರಣದ್ದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ಕಟ್ಟಿತು.

ಈಗ ರೈತರ ಮನೆಯವರು ಗಮನವಿಟ್ಟು ಓದಬೇಕಾದ ಭಾಗ. ಕೃತ್ತಿಕಾ ಮಳೆ, ರೋಹಿಣಿ ಮಳೆ, ಮಿರಗ ಎಂದು ಲೆಕ್ಕ ಹಾಕುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ. ಆದರೆ ಸೂರ್ಯ ಇರುವ ನಕ್ಷತ್ರ ಹಗಲಿನ ಬೆಳಕಿನಲ್ಲಿ ಯಾರಿಗೂ ಕಾಣುವುದಿಲ್ಲ. ಪಂಚಾಂಗ ಹೇಳಿದ್ದನ್ನು ನಂಬಬೇಕು. ಮೇ ಮೂರನೆಯ ವಾರ ಸೋಹೋದ ಸಿ3 ಚಿತ್ರ ತೆರೆಯಿರಿ. ಬಿಲ್ಲೆಯ ಮೇಲ್ಗಡೆ ಚಿಕ್ಕ ಗೊಂಚಲಾಗಿ ಕೃತ್ತಿಕೆ ನಿಂತಿರುತ್ತದೆ. ಸೂರ್ಯ ಕೃತ್ತಿಕೆಯಲ್ಲಿರುವುದನ್ನು ಕಣ್ಣಾರೆ ನೋಡಬಹುದು. ನಮ್ಮ ಮಾವನವರಿಗೆ ಇದನ್ನು ತೋರಿಸಿದಾಗ ಅವರು ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿ, "ಹಂಗಾರ ಮಳಿ ಯಾಕ ಬರವಲ್ದು?" ಅಂದರು. ಅದಕ್ಕೆ ಉತ್ತರ ಸೋಹೋದಲ್ಲಿಲ್ಲ.

ಅದೇ ಸಿ3 ಚಿತ್ರಗಳಲ್ಲಿ ಧೂಮಕೇತು ಹುಡುಕಬಹುದು. ಸೋಹೋ ಚಿತ್ರಗಳಲ್ಲಿ ಈತನಕ 5,000ಕ್ಕೂ ಹೆಚ್ಚು ಧೂಮಕೇತುಗಳು ಸಿಕ್ಕಿವೆ, ಹೆಚ್ಚಿನವನ್ನು ಕಂಡುಹಿಡಿದವರು ಮನೆಯಲ್ಲಿ ಕೂತ ಹವ್ಯಾಸಿಗಳು. ನಾಸಾದ ಸನ್‌ಗ್ರೇಜರ್ ಯೋಜನೆಗೆ ಹೆಸರು ಕೊಟ್ಟರೆ ವರದಿ ಮಾಡಬಹುದು. ಒಂದೇ ದಿನದ ಚಿತ್ರಗಳನ್ನು ಸಾಲಾಗಿ ಇಳಿಸಿ, ಕೀಲಿಯೊತ್ತುತ್ತ ಮುಂದೆ ಹಿಂದೆ ಓಡಿಸಿ. ಒಂದೇ ಫ್ರೇಮಿನಲ್ಲಿ ಮಿಂಚಿ ಮಾಯವಾಗುವ ಗೀರುಗಳು ಕಾಸ್ಮಿಕ್ ಕಿರಣಗಳು, ಅಂದರೆ ಕ್ಯಾಮೆರಾಕ್ಕೆ ಬಂದು ಬಡಿಯುವ ಬಾಹ್ಯಾಕಾಶದ ಕಣಗಳು. ಎಲ್ಲ ಒಟ್ಟಾಗಿ ಎಡದಿಂದ ಬಲಕ್ಕೆ ಸರಿಯುವವು ಹಿನ್ನೆಲೆಯ ನಕ್ಷತ್ರಗಳು. ಇವೆರಡನ್ನೂ ಬಿಟ್ಟು, ನಾಲ್ಕೈದು ಫ್ರೇಮುಗಳಲ್ಲಿ ತನ್ನದೇ ದಾರಿ ಹಿಡಿದು ಸೂರ್ಯನ ಕಡೆ ಓಡುವ ಮಸುಕು ಚುಕ್ಕೆ ಕಂಡರೆ, ಅದನ್ನು ಬರೆದಿಟ್ಟುಕೊಳ್ಳಿ. ಹೆಚ್ಚಿನ ಸಲ ನಿಮಗಿಂತ ಮೊದಲೇ ಯಾರೋ ವರದಿ ಮಾಡಿರುತ್ತಾರೆ. ಈ ಕೆಲಸಕ್ಕೆ ಪೈಪೋಟಿ ಬಲು ಜೋರು.

ಹಬಲ್ ಅನ್ನೇ ನೋಡುವುದು

ಫೈಲು ಇಳಿಸುವ ಮುಂಚೆ ಟೆಲಿಸ್ಕೋಪನ್ನೇ ಒಮ್ಮೆ ನೋಡಿ ಬನ್ನಿ, ಬರಿಗಣ್ಣಿಂದ. ಹಬಲ್ ನೆಲದಿಂದ ಸುಮಾರು 500 ಕಿ.ಮೀ. ಮೇಲೆ ಒಂದೂವರೆ ಗಂಟೆಗೊಂದು ಸುತ್ತು ಹಾಕುತ್ತದೆ. ಅದರ ಕಕ್ಷೆ ಮಧ್ಯರೇಖೆಯಿಂದ 28.5 ಡಿಗ್ರಿ ಉತ್ತರಕ್ಕೆ, ಅಷ್ಟೇ ದಕ್ಷಿಣಕ್ಕೆ ಹೋಗುತ್ತದೆ, ಅದಕ್ಕಿಂತ ಆಚೆ ಹೋಗುವುದಿಲ್ಲ. ಲಂಡನ್ನಿನವರಿಗೆ ಅದು ಕಾಣುವುದೇ ಇಲ್ಲ. ಗದಗ 15 ಡಿಗ್ರಿಯಲ್ಲಿದೆ, ನೆತ್ತಿಯ ಹತ್ತಿರವೇ ಹಾಯುತ್ತದೆ. ಹೆವೆನ್ಸ್-ಅಬೌ ಜಾಲತಾಣದಲ್ಲಿ ನಿಮ್ಮ ಊರು ಹಾಕಿ, ಉಪಗ್ರಹಗಳ ಪಟ್ಟಿಯಲ್ಲಿ ಎಚ್‌ಎಸ್‌ಟಿ (ಹಬಲ್‌ನ ಚಿಕ್ಕ ಹೆಸರು) ಹುಡುಕಿ. ಸೂರ್ಯ ಮುಳುಗಿದ ಮೇಲೆ ಅಥವಾ ಬೆಳಕು ಹರಿಯುವ ಮೊದಲು ಯಾವ ನಿಮಿಷಕ್ಕೆ, ಯಾವ ದಿಕ್ಕಿನಿಂದ ಎಂದು ಅದೇ ಹೇಳುತ್ತದೆ. ಮಿಣುಕದೆ, ಸದ್ದಿಲ್ಲದೆ ಪಡುವಣದಿಂದ ಮೂಡಣಕ್ಕೆ ಹೋಗುವ ಚುಕ್ಕೆ. ಕೆಂಪು ದೀಪ ಮಿಣುಕಿದರೆ ಅದು ವಿಮಾನ, ಇಲ್ಲವೇ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರ.

ಕಪ್ಪು ಫೈಲಿನೊಳಗಿನ ಚಿಟ್ಟೆ

ಹಬಲ್, ವೆಬ್, ಮುಂದೆ ಹೇಳುವ ಟೆಸ್ ನೌಕೆ, ಎಲ್ಲದರ ಭಂಡಾರ ಒಂದೇ ಕಡೆ: ಮಾಸ್ಟ್ ಎಂಬ ಜಾಲತಾಣ. ಹುಡುಕುವ ಪಟ್ಟಿಯಲ್ಲಿ ಎನ್‌ಜಿಸಿ 6302 ಎಂದು ಬರೆಯಿರಿ. ವೃಶ್ಚಿಕ ರಾಶಿಯ ಚಿಟ್ಟೆ ನೀಹಾರಿಕೆ ಇದು, ನಮ್ಮ ಗೋಡೆಯ ಮೇಲಿರುವುದೂ ಇದೇ. ಒಂದೇ ಚೌಕದೊಳಗೆ ಹಿಡಿಯುವುದರಿಂದ ಹೊಸಬರಿಗೆ ಒಳ್ಳೆಯದು. ಗರುಡ ನೀಹಾರಿಕೆಯ ಪ್ರಸಿದ್ಧ ಕಂಬಗಳನ್ನು ಆಮೇಲೆ ಮಾಡಿ, ಅಲ್ಲಿ ತುಂಡು ಜೋಡಿಸುವ ಕೆಲಸವಿದೆ.

ಬರುವ ಉದ್ದನೆಯ ಪಟ್ಟಿ ನೋಡಿ ಗಾಬರಿಯಾಗಬೇಡಿ. ಎಡಬದಿಯ ಆಯ್ಕೆಗಳಲ್ಲಿ ಮಿಷನ್ ಎಚ್‌ಎಸ್‌ಟಿ, ಉಪಕರಣ ಡಬ್ಲ್ಯುಎಫ್‌ಸಿ3 ಯುವಿಐಎಸ್ ಎಂದು ಹಾಕಿದರೆ ಪಟ್ಟಿ ಸಣ್ಣದಾಗುತ್ತದೆ. ಅದರಲ್ಲಿ 2009ರ ಚಿತ್ರಗಳು, ಮೂರು ಫಿಲ್ಟರಿನವು ಬೇಕು: ಎಫ್502ಎನ್, ಎಫ್656ಎನ್, ಎಫ್673ಎನ್. ಈ ಹೆಸರುಗಳು ಮಂತ್ರವೇನಲ್ಲ. ನಡುವಿನ ಅಂಕಿ ನ್ಯಾನೋಮೀಟರ್. ಕೊನೆಯ ಎನ್ ಅಂದರೆ ಇಕ್ಕಟ್ಟಿನ ಫಿಲ್ಟರ್, ಒಂದೇ ಮೂಲವಸ್ತುವಿನ ಬೆಳಕು ಬಿಡುವಂಥದ್ದು. ಡಬ್ಲ್ಯು ಇದ್ದರೆ ಅಗಲದ್ದು. 502 ಆಮ್ಲಜನಕ, 656 ಜಲಜನಕ, 673 ಗಂಧಕ. ಕೊನೆಗೆ ಡಿಆರ್‌ಸಿ ಅಥವಾ ಡಿಆರ್‌ಝಡ್ ಎಂದಿರುವ ಫೈಲನ್ನೇ ಇಳಿಸಿ. ಹಲವು ಎಕ್ಸ್‌ಪೋಷರ್‌ಗಳನ್ನು ಕೂಡಿಸಿ ಕಾಸ್ಮಿಕ್ ಕಿರಣದ ಗೀರು ತೆಗೆದದ್ದು ಅದು. ಒಂದೊಂದು ನೂರಾರು ಎಂಬಿ ಇರುತ್ತದೆ, ರಾತ್ರಿ ಮಲಗುವಾಗ ಡೌನ್‌ಲೋಡಿಗೆ ಹಚ್ಚುವುದು ಲೇಸು. ಕರೆಂಟು ಹೋದರೆ ಮತ್ತೆ ಮೊದಲಿಂದ, ಯುಪಿಎಸ್ ಇದ್ದವರು ಪುಣ್ಯವಂತರು.

ಬಂದ ಫೈಲು ಜೆಪೆಗ್ ಅಲ್ಲ, ಫಿಟ್ಸ್. 1981ರಿಂದ ಖಗೋಳದವರು ಬಳಸುತ್ತಿರುವ ಮಾದರಿ. ಫೋಟೋಶಾಪ್ ಇದನ್ನು ನೇರವಾಗಿ ತೆರೆಯುವುದಿಲ್ಲ. ಫಿಟ್ಸ್ ಲಿಬರೇಟರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ತೆರೆದ ಕೂಡಲೇ ಏನು ಕಾಣುತ್ತದೆ ಗೊತ್ತೇ? ಕಪ್ಪು. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಎಷ್ಟೋ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಫೈಲು ಕೆಟ್ಟಿಲ್ಲ. ನಡುವಿನ ಹೊಳಪಿಗೂ ರೆಕ್ಕೆಯ ಅಂಚಿನ ಮಸುಕಿಗೂ ಸಾವಿರಾರು ಪಟ್ಟು ಅಂತರವಿದೆ, ಮಾನಿಟರಿಗೆ ಅಷ್ಟು ಅಂತರ ತೋರಿಸಲು ಆಗುವುದಿಲ್ಲ. ಸ್ಟ್ರೆಚ್ ಎಂಬಲ್ಲಿ ಆರ್ಕ್‌ಸೈನ್‌ಎಚ್ ಆರಿಸಿ. ಮಸುಕನ್ನು ಎತ್ತುತ್ತದೆ, ಹೊಳಪನ್ನು ಸುಡುವುದಿಲ್ಲ. ಆಮೇಲೆ ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕಪ್ಪು ಗುರುತನ್ನು ಗುಡ್ಡದ ಎಡಬುಡಕ್ಕೆ ತನ್ನಿ. ಬುಡದಿಂದ ಒಳಗೆ ನುಗ್ಗಿಸಬೇಡಿ. ಆಕಾಶ ಚಂದ ಕರಿದಾಗುತ್ತದೆ ನಿಜ, ಜೊತೆಗೆ ಮಸುಕು ಅನಿಲವೂ ಸಾಯುತ್ತದೆ. 16 ಬಿಟ್ ಟಿಫ್ ಆಗಿ ಉಳಿಸಿ. ಮೂರಕ್ಕೂ ಹೀಗೇ ಮಾಡಿ, ಯಾವುದಕ್ಕೆ ಎಷ್ಟು ಅಂಕಿ ಕೊಟ್ಟಿರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ.

ಹೆಡರ್ ಎಂಬ ಭಾಗವನ್ನೂ ಓದಿ. ಯಾವ ದಿನ, ಯಾವ ಫಿಲ್ಟರ್, ಎಷ್ಟು ಸೆಕೆಂಡ್ ಎಕ್ಸ್‌ಪೋಷರ್, ಯಾರ ಯೋಜನೆ, ಎಲ್ಲ ಅದರಲ್ಲಿದೆ.

ಬಣ್ಣ ಸೇರಿಸುವ ಮುಂಚೆ ಮೂರೂ ಕಪ್ಪುಬಿಳಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನೆ ನೋಡಿ. ನನ್ನ ಲೆಕ್ಕದಲ್ಲಿ ಓದು ಆಗುವುದು ಇಲ್ಲೇ. ಒಂದೇ ವಸ್ತು ಮೂರು ಫಿಲ್ಟರಿನಲ್ಲಿ ಮೂರು ಬೇರೆ ಆಕಾರ. ಗಂಧಕದ ಚಿತ್ರದಲ್ಲಿ ಎದ್ದು ಕಾಣುವ ಕಡೆಗಳಲ್ಲಿ ವೇಗದ ಅನಿಲ, ಮುಂಚೆ ಹೊರಟ ನಿಧಾನದ ಅನಿಲಕ್ಕೆ ಬಡಿಯುತ್ತಿದೆ. ಒಂದು ಕಾಲಕ್ಕೆ ಸೂರ್ಯನ ಐದು ಪಟ್ಟು ತೂಕವಿದ್ದ ನಕ್ಷತ್ರ ತನ್ನ ಮೈಯನ್ನೇ ಕಳಚಿ ಎಸೆದದ್ದು ಇದು. ಅನಿಲ ಗಂಟೆಗೆ 9.5 ಲಕ್ಷ ಕಿ.ಮೀ. ವೇಗದಲ್ಲಿ ಓಡುತ್ತಿದೆ. ನಡುವೆ ಅಡ್ಡವಾಗಿರುವ ಕರಿಪಟ್ಟಿ ಧೂಳಿನ ಉಂಗುರ. ಅದೇ ಸೊಂಟ ಕಟ್ಟಿ ಅನಿಲವನ್ನು ಎರಡು ರೆಕ್ಕೆಗಳಾಗಿ ಹೊರಡಿಸಿದೆ.

ಬಣ್ಣ ಸುಳ್ಳೇ?

ಫೋಟೋಶಾಪಿನಲ್ಲಿ ಹೊಸ ಆರ್‌ಜಿಬಿ ಫೈಲು ತೆರೆದು ಚಾನೆಲ್ಸ್‌ನಲ್ಲಿ ಗಂಧಕವನ್ನು ಕೆಂಪಿಗೆ, ಜಲಜನಕವನ್ನು ಹಸಿರಿಗೆ, ಆಮ್ಲಜನಕವನ್ನು ನೀಲಿಗೆ ಅಂಟಿಸಿ. ಗಿಂಪಿನಲ್ಲಿ ಇದಕ್ಕೆ ಕಂಪೋಸ್ ಎನ್ನುತ್ತಾರೆ. ಒಂದೇ ಸರಣಿಯ ಫೈಲುಗಳಾದರೆ ತಾವಾಗಿಯೇ ಕೂಡಿಕೊಳ್ಳುತ್ತವೆ, ಇಲ್ಲವಾದರೆ ನಕ್ಷತ್ರಗಳನ್ನು ನೋಡಿ ಸರಿಸಬೇಕು.

"ಜಲಜನಕದ 656 ನಿಜವಾಗಿ ಕೆಂಪಲ್ಲವೇ, ಹಸಿರು ಯಾಕೆ?" ಎಂದು ಕೇಳಿದರೆ ನೀವು ಸರಿಯಾದ ಪ್ರಶ್ನೆ ಕೇಳಿದಿರಿ. 656 ಕೆಂಪು, 673 ಕೂಡ ಕೆಂಪು. ಇದ್ದದ್ದು ಇದ್ದಂತೆ ಹಚ್ಚಿದರೆ ಎರಡೂ ಕಲೆತು ಯಾವುದು ಯಾವುದೆಂದು ತಿಳಿಯದು. ಅದಕ್ಕೇ ಉದ್ದ ತರಂಗಕ್ಕೆ ಕೆಂಪು, ನಡುವಿನದಕ್ಕೆ ಹಸಿರು, ಗಿಡ್ಡದಕ್ಕೆ ನೀಲಿ ಎಂದು ಕ್ರಮ ಕಾಯ್ದುಕೊಂಡು ದೂರ ಸರಿಸಿ ಹಚ್ಚುತ್ತಾರೆ. 1995ರಲ್ಲಿ ಖಗೋಳ ವಿಜ್ಞಾನಿಗಳಾದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಗರುಡ ನೀಹಾರಿಕೆಯ ಕಂಬಗಳಿಗೆ ಹೀಗೆ ಹಚ್ಚಿದ ಮೇಲೆ ಇದಕ್ಕೆ ಹಬಲ್ ಪ್ಯಾಲೆಟ್ ಎಂದೇ ಹೆಸರಾಯಿತು. ಆ ಚಿತ್ರದ ಒಂದು ಮೂಲೆ ಮೆಟ್ಟಿಲಿನ ಹಾಗೆ ಕಚ್ಚು ಬಿದ್ದಿರುವುದು ಡಿಸೈನ್ ಅಲ್ಲ. ಆಗಿನ ಕ್ಯಾಮೆರಾದ ನಾಲ್ಕು ಚಿಪ್‌ಗಳಲ್ಲಿ ಒಂದು ಚಿಕ್ಕ ಜಾಗವನ್ನು ಹೆಚ್ಚು ಸೂಕ್ಷ್ಮವಾಗಿ ನೋಡುತ್ತಿತ್ತು.

ನನ್ನ ನೇಮ ಇಷ್ಟು: ಲೆವೆಲ್ಸ್, ಕರ್ವ್ಸ್ ಚಿತ್ರಪೂರ್ತಿಗೆ ಹಾಕಬಹುದು, ಬ್ರಷ್ ಮುಟ್ಟಕೂಡದು. "ಸ್ವಲ್ಪ ಬೆಳ್ಳಗ ಮಾಡ್ರಿ" ಅಂದ ಗಿರಾಕಿಗೆ ಮುಖ ಮಾತ್ರ ಬೆಳ್ಳಗೆ ಮಾಡಿಕೊಟ್ಟು ರೂಢಿಯಾದ ಕೈಗೆ ಇದು ಕಷ್ಟ. ಆದರೂ ಒಂದು ಮೂಲೆಗೆ ಮಾತ್ರ ಬೆಳಕು ಕೊಟ್ಟಿರೋ, ಅಲ್ಲಿಗೆ ಅದು ಅಳತೆಗೆ ಬಾರದ ಚಿತ್ರವಾಯಿತು. ಚಿಪ್‌ಗಳ ನಡುವಿನ ಕರಿ ಗೆರೆ ಉಳಿದಿದ್ದರೆ ನಾನು ಅದನ್ನೂ ಹಾಗೇ ಬಿಡುತ್ತೇನೆ.

ಚಿಟ್ಟೆ ಕೈಗೆ ಬಂದ ಮೇಲೆ ಗೆಲಾಕ್ಸಿಗೆ ಹೋಗಿ. ಎಂ51, ಸುಳಿ ಗೆಲಾಕ್ಸಿ, ಒಳ್ಳೆಯ ಆಯ್ಕೆ. 2005ರಲ್ಲಿ ಹಬಲ್ ಹೆರಿಟೇಜ್ ತಂಡ ಆರು ಚೌಕ ಜೋಡಿಸಿ ಮಾಡಿದ ಮೊಸಾಯಿಕ್ ಮಾಸ್ಟ್‌ನಲ್ಲಿ ಸಿದ್ಧವಿದೆ. ಇಲ್ಲಿನ ಫಿಲ್ಟರುಗಳು ಅಗಲದವು: ಎಫ್435ಡಬ್ಲ್ಯು ನೀಲಿಗೆ, 555 ಹಸಿರಿಗೆ, 814 ಕೆಂಪಿಗೆ. ನೀಲಿ ಚಿತ್ರದಲ್ಲಿ ತೋಳುಗಳು ಹೊಳೆಯುತ್ತವೆ, ಅಲ್ಲಿರುವುದು ಎಳೆಯ ಬಿಸಿ ನಕ್ಷತ್ರಗಳು. ಕೆಂಪು ಚಿತ್ರದಲ್ಲಿ ನಡುಭಾಗ ಗೆಲ್ಲುತ್ತದೆ, ಅಲ್ಲಿ ಮುದುಕರ ಓಣಿ. ಇಲ್ಲಿ ಒಂದು ಪಿಕ್ಸೆಲ್ ಆಕಾಶದ 0.05 ಆರ್ಕ್‌ಸೆಕೆಂಡ್. ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು. ದೊಡ್ಡ ಗೆಲಾಕ್ಸಿಯ ನಡುವಿನಿಂದ ಪಕ್ಕದ ಪುಟ್ಟದರ ನಡುವಿಗೆ ಅಳೆದರೆ ಸುಮಾರು 5,300 ಪಿಕ್ಸೆಲ್ ಬರಬೇಕು, ಅಂದರೆ 265 ಆರ್ಕ್‌ಸೆಕೆಂಡ್. ಅದನ್ನು 2,06,265ರಿಂದ (ಆರ್ಕ್‌ಸೆಕೆಂಡನ್ನು ರೇಡಿಯನ್‌ಗೆ ತಿರುಗಿಸುವ ಅಂಕಿ) ಭಾಗಿಸಿ ದೂರದಿಂದ ಗುಣಿಸಿ. ದೂರ 2.8 ಕೋಟಿ ಜ್ಯೋತಿರ್ವರ್ಷ ಎಂದಿಟ್ಟುಕೊಂಡರೆ ಎರಡರ ನಡುವೆ ಕಡಿಮೆ ಎಂದರೂ 36,000 ಜ್ಯೋತಿರ್ವರ್ಷ. ಕಡಿಮೆ ಎಂದರೂ ಎಂದದ್ದು ಯಾಕೆಂದರೆ ಪುಟ್ಟದು ನಮ್ಮ ನೋಟದ ಗೆರೆಯಲ್ಲಿ ಹಿಂದೆಯೂ ಸರಿದಿದೆ, ಆ ಆಳ ಚಿತ್ರದಲ್ಲಿ ಕಾಣುವುದಿಲ್ಲ.

ವೆಬ್ ಫೈಲು ತೆರೆಯುವವರಿಗೆ

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್‌ನದು 6.5 ಮೀಟರಿನ ಕನ್ನಡಿ, ಹಬಲ್‌ನದು 2.4. ವೆಬ್ ನೋಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು. ಫೈಲಿನ ಹೆಸರಿನ ಕೊನೆಗೆ ಐ2ಡಿ ಇರುವುದನ್ನು ಇಳಿಸಿ. ಫಿಲ್ಟರಿನ ಅಂಕಿಯನ್ನು ಇಲ್ಲಿ ಬೇರೆ ಥರ ಓದಬೇಕು: ಎಫ್444ಡಬ್ಲ್ಯು ಎಂದರೆ 4.44 ಮೈಕ್ರಾನ್, ಅಂದರೆ 4,440 ನ್ಯಾನೋಮೀಟರ್.

ಹೊಳೆಯುವ ನಕ್ಷತ್ರದ ನಟ್ಟನಡುವೆ ಕರಿ ತೂತು ಕಂಡರೆ ಬ್ಲ್ಯಾಕ್ ಹೋಲ್ ಸಿಕ್ಕಿತೆಂದು ಊರಿಗೆಲ್ಲ ಹೇಳಬೇಡಿ. ಬೆಳಕು ಮಿತಿಮೀರಿ ಅಲ್ಲಿನ ಪಿಕ್ಸೆಲ್‌ಗಳಿಗೆ ಅಂಕಿಯೇ ಇಲ್ಲದಂತಾಗಿದೆ, ಅಷ್ಟೆ. ನಕ್ಷತ್ರಕ್ಕೆ ಆರು ಉದ್ದ, ಎರಡು ಗಿಡ್ಡ ಮುಳ್ಳು ಕಾಣುವುದು ಷಟ್ಕೋನದ ಕನ್ನಡಿ ಮತ್ತು ಅದರ ಮುಂದಿನ ಕಂಬಿಗಳಿಂದ, ಹಬಲ್‌ನಲ್ಲಿ ನಾಲ್ಕೇ. ಈ ಮುಳ್ಳು ಕೆಲಸಕ್ಕೆ ಬರುತ್ತದೆ. 2022ರ ಜುಲೈಯಲ್ಲಿ ಬಂದ ಮೊದಲ ಚಿತ್ರ, ಎಸ್‌ಎಂಎಸಿಎಸ್ 0723 ಎಂಬ ಗೆಲಾಕ್ಸಿ ಗುಂಪಿನದು, ಅದನ್ನು ತೆರೆದು ಮುಳ್ಳಿದ್ದವನ್ನೆಲ್ಲ ಗುರುತು ಹಾಕಿ ಬದಿಗಿಡಿ. ಅವು ಹೆಚ್ಚುಕಡಿಮೆ ನಮ್ಮ ಆಕಾಶಗಂಗೆಯ ನಕ್ಷತ್ರಗಳು. ಉಳಿದವು ಒಂದೊಂದೂ ಗೆಲಾಕ್ಸಿ. ಕೆಲವು ಕಮಾನಿನಂತೆ ಬಾಗಿ ಎಳೆದುಕೊಂಡಿವೆ, ಅವು ಗುಂಪಿನ ಹಿಂದಿರುವವು. ಗುಂಪಿನ ತೂಕವೇ ಅವುಗಳ ಬೆಳಕನ್ನು ಬಗ್ಗಿಸಿದೆ.

ಚಿತ್ರವಿಲ್ಲದ ನಕ್ಷತ್ರಗಳು

ನಕ್ಷತ್ರ ಎಷ್ಟೇ ದೊಡ್ಡದು ಮಾಡಿದರೂ ಚುಕ್ಕೆಯೇ. ಅಲ್ಲಿ ಚಿತ್ರ ಬಿಟ್ಟು ಅಂಕಿ ಹಿಡಿಯಬೇಕು. 2018ರಲ್ಲಿ ಹೋದ ನಾಸಾದ ಟೆಸ್ ನೌಕೆ ನಕ್ಷತ್ರಗಳ ಹೊಳಪನ್ನು ಬಿಡದೆ ಅಳೆಯುತ್ತದೆ. ಗ್ರಹ ಅಡ್ಡ ಹಾಯ್ದರೆ ಹೊಳಪು ತಗ್ಗುತ್ತದೆ. ಲೈಟ್‌ಕರ್ವ್ ಎಂಬ ಪೈಥಾನ್ ಪ್ಯಾಕೇಜಿನಿಂದ ಇದನ್ನು ಗ್ರಾಫ್ ಮಾಡಬಹುದು. ಕೋಡ್ ಬರೆಯುವುದು ನನಗೆ ಒಗ್ಗದ ಕೆಲಸ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಮಾಡಿಕೊಡುತ್ತಾನೆ. "ದೊಡ್ಡವ್ವ, ನಾಕ್ ಸಾಲಿಂದ ಐತಿ, ನೀನ ಕಲ್ತ್‌ಬಿಡು" ಎಂದು ಪ್ರತಿ ಸಲ ಹೇಳುತ್ತಾನೆ. ವಾಸ್ಪ್-18 ಎಂಬ ನಕ್ಷತ್ರದಿಂದ ಶುರು ಮಾಡಿ: ಒಂದು ದಿನಕ್ಕೂ ಕಡಿಮೆ ಅವಧಿಗೊಮ್ಮೆ ಹೊಳಪು ಸುಮಾರು ನೂರರಲ್ಲಿ ಒಂದು ಪಾಲು ಇಳಿಯುತ್ತದೆ. ನೂರನೇ ಒಂದರ ವರ್ಗಮೂಲ ಹತ್ತನೇ ಒಂದು, ಅಂದರೆ ಗ್ರಹದ ಅಗಲ ನಕ್ಷತ್ರದ ಹತ್ತನೇ ಒಂದು ಭಾಗ. ಕೋಡ್ ಬೇಡವೆನ್ನುವವರಿಗೆ ಝೂನಿವರ್ಸ್ ಜಾಲತಾಣದ ಪ್ಲಾನೆಟ್ ಹಂಟರ್ಸ್ ಇದೆ, ಗ್ರಾಫ್ ನೋಡಿ ತಗ್ಗು ಗುರುತಿಸಿದರಾಯಿತು. ಅಲ್ಲೇ ಗೆಲಾಕ್ಸಿ ಝೂ ಕೂಡ ಇದೆ. 2007ರಲ್ಲಿ ಡಚ್ ಶಾಲಾ ಟೀಚರ್ ಹ್ಯಾನಿ ವಾನ್ ಆರ್ಕೆಲ್ ಅದರಲ್ಲಿ ಗೆಲಾಕ್ಸಿ ವಿಂಗಡಿಸುತ್ತ ಕೂತಾಗ ಯಾರೂ ಗಮನಿಸದ ಅನಿಲದ ಮೋಡವೊಂದನ್ನು ಕಂಡು ಪ್ರಶ್ನೆ ಎತ್ತಿದರು. ಈಗ ಅದಕ್ಕೆ ಅವರ ಹೆಸರೇ ಇದೆ, ಹಬಲ್ ಕೂಡ ಅದರ ಚಿತ್ರ ತೆಗೆಯಿತು.

ನಕ್ಷತ್ರಗಳ ದೂರ ಬೇಕಾದರೆ ಐರೋಪ್ಯ ಗಾಯಾ ನೌಕೆಯ ಭಂಡಾರ. 2022ರ ಪಟ್ಟಿಯಲ್ಲಿ ಸುಮಾರು 180 ಕೋಟಿ ನಕ್ಷತ್ರಗಳಿವೆ. ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಅಳತೆ) ಕಾಲಮ್ಮಿನ ಅಂಕಿಯಿಂದ 1000ವನ್ನು ಭಾಗಿಸಿ, 3.26ರಿಂದ ಗುಣಿಸಿ. ಬರ್ನಾರ್ಡ್ ನಕ್ಷತ್ರಕ್ಕೆ 547 ಇದೆ. ಆರು ಜ್ಯೋತಿರ್ವರ್ಷಕ್ಕೆ ಚೂರು ಕಡಿಮೆ ಬರುತ್ತದೆ. ಅಂಕಿ ತೀರ ಚಿಕ್ಕದಿದ್ದರೆ ಪಕ್ಕದ ಎರರ್ ಕಾಲಮ್ ನೋಡದೆ ಉತ್ತರ ನಂಬಬೇಡಿ.

ಪ್ರಿಂಟ್ ಹಾಕಿಸುವವರಿಗೆ

ಫ್ಲೆಕ್ಸಿಗೆ ಹಾಕಬೇಡಿ, ಕಪ್ಪು ಬೂದಿಯಾಗುತ್ತದೆ. ಫೋಟೋ ಪೇಪರೇ ಬೇಕು, ಹೊಳಪಿನ ಗ್ಲಾಸಿ ಪೇಪರಿಗಿಂತ ಮ್ಯಾಟ್ ವಾಸಿ. ಗ್ಲಾಸಿ ಪೇಪರಿನಲ್ಲಿ ಟ್ಯೂಬ್‌ಲೈಟೂ ಒಂದು ಗೆಲಾಕ್ಸಿಯಾಗಿ ಕಾಣುತ್ತದೆ. ಲ್ಯಾಬಿಗೆ ಕಳಿಸುವಾಗ ಆಟೋ ಕಲರ್ ಕರೆಕ್ಷನ್ ಬೇಡವೆಂದು ಬರೆದು ಕೊಡಿ, ಇಲ್ಲವಾದರೆ ಅವರ ಮಷಿನ್ನು ಹಸಿರು ಅನಿಲವನ್ನು ಚರ್ಮದ ಬಣ್ಣಕ್ಕೆ ತರಲು ನೋಡುತ್ತದೆ. 8 ಬಿಟ್‌ಗೆ ಇಳಿಸುವುದು ಎಲ್ಲಕ್ಕಿಂತ ಕೊನೆಗೆ. ನಾಸಾ, ಇಸಾ (ಐರೋಪ್ಯ ಬಾಹ್ಯಾಕಾಶ ಸಂಸ್ಥೆ), ಎಸ್‌ಟಿಎಸ್‌ಸಿಐ (ಹಬಲ್, ವೆಬ್ ಕೆಲಸ ನಡೆಸುವ ಸಂಸ್ಥೆ) ಎಂದು ಋಣ ಬರೆದು, ಸಂಸ್ಕರಣೆ ಎಂಬಲ್ಲಿ ನಿಮ್ಮ ಹೆಸರು ಹಾಕಿ. ನಾಸಾ ಲಾಂಛನ ಮಾತ್ರ ಹಾಕಬೇಡಿ, ಅದಕ್ಕೆ ಅನುಮತಿ ಬೇಕು. ಚಿತ್ರದ ಹಿಂದೆ ಮೂರು ಫಿಲ್ಟರ್, ಎಕ್ಸ್‌ಪೋಷರ್, ಸ್ಟ್ರೆಚ್‌ನ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಯ್ಯುವುದಾದರೆ ಬಣ್ಣದ ಒಂದು ಪ್ರಿಂಟಿನ ಪಕ್ಕ ಆ ಮೂರು ಕಪ್ಪುಬಿಳಿ ಪ್ರಿಂಟುಗಳನ್ನೂ ತೂಗುಹಾಕಿ. ಮಕ್ಕಳು ಬಣ್ಣದ್ದನ್ನು ನೋಡಿ ಮುಂದೆ ಹೋಗುತ್ತಾರೆ, ಕಪ್ಪುಬಿಳಿಯ ಮುಂದೆ ನಿಂತು ಯಾವುದು ಎಲ್ಲಿ ಬೇರೆ ಎಂದು ಬೆರಳಿಟ್ಟು ಜಗಳ ಆಡುತ್ತಾರೆ.